ಜಿಂಕೆಯ ಬಾಯಲ್ಲಿರುವ ಆ ಅಣಬೆ ಯಾವುದು?

ದ್ವೀಪವಾಸಿ

ಎಲ್ಲರಿಗೂ ನಮಸ್ಕಾರ. ನಾನು ಸಿಂಗಪುರದಲ್ಲಿದ್ದೇನೆ. ನಮ್ಮ ಮೇಲಿನ ಮಹಡಿಯಲ್ಲಿ ಒಬ್ಬ ಚೀನೀ ಅಜ್ಜಿ ಇದ್ದಾರೆ. ಕಳೆದ ಭಾನುವಾರ ಅವರಿಗೆ ಎಂಬತ್ತು ತುಂಬಿತು. ನಮ್ಮನ್ನೂ ಊಟಕ್ಕೆ ಕರೆದಿದ್ದರು. ಅವರ ಹಜಾರದ ಗೋಡೆಯ ಮೇಲೆ ಕೆಂಪು ರೇಷ್ಮೆಯ ಹಳೆಯ ಕಸೂತಿ ಪಟವೊಂದು ಇದೆ. ಅದರಲ್ಲಿ ಉಬ್ಬಿದ ಹಣೆಯ, ಬಿಳಿ ಗಡ್ಡದ ಮುದುಕ ಕೋಲು ಹಿಡಿದು ನಗುತ್ತಾ ನಿಂತಿದ್ದಾನೆ. ಇನ್ನೊಂದು ಕೈಯಲ್ಲಿ ಪೀಚ್ ಹಣ್ಣು. ಪಕ್ಕದಲ್ಲಿ ಒಂದು ಚುಕ್ಕೆ ಜಿಂಕೆ. ಅದರ ಬಾಯಲ್ಲಿ ಕಂದುಗೆಂಪು ಬಣ್ಣದ ಏನೋ ಇದೆ. ಮೊದಲು ಎಲೆ ಎಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಎಲೆಯಲ್ಲ. ಮೋಡದ ತುಣುಕಿನಂತೆ ಸುರುಳಿ ಸುತ್ತಿದ ಅಂಚು, ಒಳಗೆ ಒಂದರೊಳಗೊಂದು ಗೆರೆಗಳು, ಕೆಳಗೆ ಗಿಡ್ಡ ತೊಟ್ಟು. ಆ ಗೆರೆಗಳಿಗೆ ಮಾತ್ರ ಚಿನ್ನದ ದಾರ ಬಳಸಿದ್ದಾರೆ. ಇಡೀ ಪಟದಲ್ಲಿ ಚಿನ್ನದ ದಾರ ಇರುವುದು ಮುದುಕನ ಅಂಗಿಯ ಅಂಚಿನಲ್ಲಿ ಮತ್ತು ಇಲ್ಲಿ, ಎರಡೇ ಕಡೆ.

ಅಜ್ಜಿಯನ್ನು ಕೇಳಿದೆ. "ಲಿಂಗ್‌ಝಿ" ಎಂದರು, ಎದೆಯ ಮೇಲೆ ಕೈಯಿಟ್ಟು ತಲೆಯಾಡಿಸಿದರು. ಅವರು ಆಡುವುದು ಹೊಕ್ಕಿಯನ್, ನನಗೆ ಬರುವುದು ನಾಲ್ಕು ಮಾತು ಮ್ಯಾಂಡರಿನ್. ಮಾತು ಅಲ್ಲಿಗೇ ನಿಂತಿತು. ಅದೊಂದು ಔಷಧದ ಅಣಬೆ ಎಂದು ಆಮೇಲೆ ತಿಳಿಯಿತು. ಆದರೆ ಹುಟ್ಟುಹಬ್ಬದ ಪಟದಲ್ಲಿ, ಅದೂ ಜಿಂಕೆಯ ಬಾಯಲ್ಲಿ ಔಷಧಕ್ಕೇನು ಕೆಲಸ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಹಳೆಯ ಪುಟ

ತುಂಬಾ ಒಳ್ಳೆಯ ಪ್ರಶ್ನೆ. ಹಲವು ವರ್ಷಗಳಿಂದ ಚೀನಾದ ಇತಿಹಾಸ ಓದುತ್ತಿರುವ ನನಗೆ ಈ ಅಣಬೆಯ ಬಗ್ಗೆ ಮಾತನಾಡುವುದೆಂದರೆ ಸಂತೋಷ.

ಆ ಮುದುಕನ ಹೆಸರು ಶೌಶಿಂಗ್, ದೀರ್ಘಾಯುಷ್ಯದ ನಕ್ಷತ್ರ. ದಕ್ಷಿಣದ ಆಕಾಶದಲ್ಲಿ ನಾವು ಅಗಸ್ತ್ಯ ಎಂದು ಕರೆಯುವ ನಕ್ಷತ್ರವನ್ನೇ ಅವರು 'ದಕ್ಷಿಣ ಧ್ರುವದ ಮುದುಕ' ಎನ್ನುತ್ತಾರೆ. ಜಿಂಕೆಗೆ ಚೀನೀ ಭಾಷೆಯಲ್ಲಿ 'ಲು'. ಅಧಿಕಾರಿಯ ಸಂಬಳ, ಸಮೃದ್ಧಿ ಎಂಬ ಅರ್ಥದ ಪದದ ಉಚ್ಚಾರವೂ 'ಲು'. ಹಾಗಾಗಿ ಜಿಂಕೆ ಬಂದಿತೆಂದರೆ ಸಿರಿ ಬಂದಿತು. ಕಾಡಿನಲ್ಲಿ ಲಿಂಗ್‌ಝಿ ಇರುವ ಜಾಗವನ್ನು ಕಂಡುಹಿಡಿಯಬಲ್ಲ ಪ್ರಾಣಿ ಅದೊಂದೇ ಎಂಬ ನಂಬಿಕೆಯೂ ಇದೆ. ಆದ್ದರಿಂದ ಅದು ಅಣಬೆಯನ್ನು ಕಚ್ಚಿಕೊಂಡು ಮುದುಕನ ಬಳಿ ಬಂದು ನಿಲ್ಲುತ್ತದೆ.

ಹೆಸರನ್ನೂ ಸ್ವಲ್ಪ ನೋಡಿ. 'ಝಿ' ಎಂದರೆ ಈ ಬಗೆಯ ಅಣಬೆ. 'ಲಿಂಗ್' ಎಂದರೆ ದೈವಶಕ್ತಿ ತುಂಬಿದ್ದು. ಹಳೆಯ ಲಿಪಿಯಲ್ಲಿ ಆ ಅಕ್ಷರವನ್ನು ಬರೆಯುವಾಗ ಮೇಲೆ ಮಳೆ, ನಡುವೆ ಸಾಲಾಗಿ ಮೂರು ಬಾಯಿ, ಕೆಳಗೆ ದೇವರು ಮೈಮೇಲೆ ಬರುವ ವ್ಯಕ್ತಿಯನ್ನು ಸೂಚಿಸುವ ಅಕ್ಷರ. ಮಳೆಗಾಗಿ ಕೂಗಿ ಕರೆಯುವವರು, ಆ ಕರೆಗೆ ಓಗೊಡುವ ಮೇಲಿನ ಶಕ್ತಿ ಎಂದು ಸಾಂಪ್ರದಾಯಿಕವಾಗಿ ಬಿಡಿಸುತ್ತಾರೆ. ನಿಮ್ಮ ಸಿಂಗಪುರದಲ್ಲಿ ಬಳಸುವ ಸರಳೀಕೃತ ಲಿಪಿಯಲ್ಲಿ ಮಳೆಯೂ ಬಾಯಿಗಳೂ ಉಳಿದಿಲ್ಲ. ನನಗೆ ಲಿಂಗ್‌ಝಿಯ ತಿರುಳು ಆ ಅಕ್ಷರದಲ್ಲೇ ಕಾಣುತ್ತದೆ: ಇದು ಮೊದಲು ಉತ್ತರ, ಆಮೇಲೆ ಔಷಧ. ಕೆಳಗಿನವರು ಕರೆದರು, ಮೇಲಿನವರು ಓಗೊಟ್ಟರು, ಅದರ ಗುರುತಾಗಿ ಮರದ ಬುಡದಲ್ಲಿ ಇದು ಮೂಡಿತು.

ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ಹಾನ್ ವಂಶದ ಕಾಲದಲ್ಲಿ ರೂಪುಗೊಂಡ 'ಶೆನ್‌ನೊಂಗ್ ಬೆನ್‌ತ್ಸಾವೊ ಜಿಂಗ್' ಎಂಬ ಔಷಧ ಗ್ರಂಥದಲ್ಲಿ 365 ಔಷಧಗಳಿವೆ, ಮೂರು ದರ್ಜೆಗಳಾಗಿ. ಝಿ ಇರುವುದು ಮೇಲಿನ ದರ್ಜೆಯಲ್ಲಿ, ಅಂದರೆ ರೋಗ ಕಳೆಯುವುದಕ್ಕಿಂತ ಆಯುಷ್ಯ ಬೆಳೆಸುವ ಗುಂಪಿನಲ್ಲಿ. ಅಲ್ಲಿ ಹೇಳಿರುವುದು ಆರು ಬಣ್ಣದ ಝಿ: ಕೆಂಪು, ಕಪ್ಪು, ನೀಲಿಹಸುರು, ಬಿಳಿ, ಹಳದಿ, ನೇರಳೆ. ನೇರಳೆಯನ್ನು ಬಿಟ್ಟು ಉಳಿದ ಐದಕ್ಕೂ ಒಂದೊಂದು ಪರ್ವತ, ಒಂದೊಂದು ರುಚಿ. ಕೆಂಪು ಕಹಿ, ಕಪ್ಪು ಉಪ್ಪು, ನೀಲಿಹಸುರು ಹುಳಿ, ಬಿಳಿ ಖಾರ, ಹಳದಿ ಸಿಹಿ. ಕಾಡಿನಲ್ಲಿ ಅಲೆದು ನೋಡಿ ಬರೆದ ಪಟ್ಟಿ ಇದಲ್ಲ. ಚೀನೀಯರ ಪಂಚತತ್ತ್ವಗಳ (ಮರ, ಬೆಂಕಿ, ಮಣ್ಣು, ಲೋಹ, ನೀರು) ಚೌಕಟ್ಟಿಗೆ ಅಣಬೆಯನ್ನು ಹೊಂದಿಸಿ ಬರೆದದ್ದು. ಕೆಂಪು ಝಿ ಹೃದಯದ ಬಲ ಹೆಚ್ಚಿಸುತ್ತದೆ, ಬುದ್ಧಿಯನ್ನು ಬೆಳೆಸುತ್ತದೆ, ಮರೆವನ್ನು ತಡೆಯುತ್ತದೆ ಎನ್ನುತ್ತದೆ ಗ್ರಂಥ. ಅಜ್ಜಿ ಎದೆಯ ಮೇಲೆ ಕೈಯಿಟ್ಟರು ಎಂದಿರಲ್ಲ, ಅದನ್ನು ಓದಿ ನನಗೆ ಈ ಸಾಲೇ ನೆನಪಾಯಿತು.

ಒಂದು ಕೋರಿಕೆ. ಪಟದಲ್ಲಿ ಜಿಂಕೆ, ಮುದುಕ ಬಿಟ್ಟು ಬೇರೇನಿದೆ? ಗಿಡ, ಹೂವು, ಕಲ್ಲು ಏನಿದ್ದರೂ ಹೇಳಿ. ಚೀನೀ ಪಟದಲ್ಲಿ ಯಾವುದೂ ಜಾಗ ತುಂಬಲೆಂದು ಇರುವುದಿಲ್ಲ.

ಅಡಕೆ ತೋಟದವನು

ಚನ್ನಗಿರಿ ಕಡೆಯವನು ನಾನು. ಈ ಚರ್ಚೆ ಓದಿ, ಲಿಂಗ್‌ಝಿಯ ಚಿತ್ರ ಹುಡುಕಿ ನೋಡಿದೆ. ನೋಡಿದ ಕೂಡಲೇ ಎದೆ ಧಸಕ್ಕೆಂದಿತು. ಇದು ನಮ್ಮ ತೋಟದ ಅಣಬೆ!

ಮೊದಲು ಕೆಳಗಿನ ಸೋಗೆಗಳು ಹಳದಿಯಾಗಿ ಜೋತು ಬೀಳುತ್ತವೆ. ನೀರು ಕಡಿಮೆಯಾಯಿತೇನೋ ಎಂದು ನೀರು ಬಿಡುತ್ತೇವೆ. ಆಮೇಲೆ ಬುಡದ ಹತ್ತಿರ ಕಾಂಡದಿಂದ ಕಂದು ರಸ ಒಸರುತ್ತದೆ. ಅಷ್ಟರಲ್ಲಿ ಕೈ ಮೀರಿರುತ್ತದೆ. ಮರ ಸತ್ತ ಮೇಲೆ ಬುಡದಲ್ಲಿ ಇದು ಮೂಡುತ್ತದೆ, ಮೇಲ್ಮೈಗೆ ಎಣ್ಣೆ ಹಚ್ಚಿ ಉಜ್ಜಿದಂತೆ ಹೊಳಪು, ಅಂಚು ಬೆಳ್ಳಗೆ. ನಾವು 'ಅಣಬೆ ರೋಗ' ಎಂದೇ ಕರೆಯುತ್ತೇವೆ. ನಮ್ಮಪ್ಪನ ಕಾಲದಲ್ಲಿ ಒಂದು ಸಾಲಿನಲ್ಲಿ ಹನ್ನೊಂದು ಮರ ಹೋದವು. ಮಣ್ಣೊಳಗೆ ಬೇರಿನಿಂದ ಬೇರಿಗೆ ಹಬ್ಬುತ್ತದೆ. ಅದಕ್ಕೇ ರೋಗದ ಮರದ ಸುತ್ತ ಕಾಲುವೆ ತೋಡಿ ಬೇರ್ಪಡಿಸುತ್ತೇವೆ, ಬುಡವನ್ನು ಕಿತ್ತು ಸುಡುತ್ತೇವೆ, ಉಳಿದ ಮರಗಳಿಗೆ ಬೇವಿನ ಹಿಂಡಿ, ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಟ್ರೈಕೊಡರ್ಮಾ ಎಂಬ ಇನ್ನೊಂದು ಶಿಲೀಂಧ್ರ ಕೊಡುತ್ತೇವೆ.

ನಮ್ಮಲ್ಲಿ ಬುಡದಲ್ಲಿ ಇದನ್ನು ಕಂಡರೆ ಮನೆಯಲ್ಲಿ ಆ ದಿನ ಯಾರಿಗೂ ಊಟ ರುಚಿಸುವುದಿಲ್ಲ. ಅಲ್ಲಿ ಇದನ್ನು ರೇಷ್ಮೆಯ ಮೇಲೆ ಚಿನ್ನದ ದಾರದಲ್ಲಿ ಹೆಣೆಯುತ್ತಾರೆಯೇ? ಎರಡೂ ಒಂದೇ ಹೌದೋ ಅಲ್ಲವೋ ಯಾರಾದರೂ ತಿಳಿದವರು ಹೇಳಿ.

ಬೀಜಕಣ

ಶಿಲೀಂಧ್ರಶಾಸ್ತ್ರ ಓದುತ್ತಿದ್ದೇನೆ, ಇದು ನನ್ನ ವಿಷಯ. ಅಡಕೆ ತೋಟದವರೇ, ನಿಮ್ಮ ಕಣ್ಣು ತಪ್ಪಿಲ್ಲ. ಎರಡೂ ಗ್ಯಾನೊಡರ್ಮಾ ಕುಲಕ್ಕೆ ಸೇರಿದವು. ನಮ್ಮ ಕೃಷಿ ಪುಸ್ತಕಗಳಲ್ಲಿ ಅಡಕೆಯ ಅಣಬೆ ರೋಗಕ್ಕೆ ಕಾರಣ ಗ್ಯಾನೊಡರ್ಮಾ ಲೂಸಿಡಮ್ ಎಂದಿದೆ. ಚೀನಾದ ಲಿಂಗ್‌ಝಿಯನ್ನೂ ಬಹುಕಾಲ ಇದೇ ಹೆಸರಿನಿಂದ ಕರೆಯುತ್ತಿದ್ದರು. ಆ ಹೆಸರು ಮೂಲದಲ್ಲಿ 1781ರಲ್ಲಿ ಇಂಗ್ಲೆಂಡಿನ ಒಂದು ಅಣಬೆಗೆ ಇಟ್ಟದ್ದು. ಚೀನಾದ್ದು ಬೇರೆಯೇ ಪ್ರಭೇದ ಎಂದು ತೋರಿಸಿ 2012ರಲ್ಲಿ ಅದಕ್ಕೆ ಗ್ಯಾನೊಡರ್ಮಾ ಲಿಂಗ್‌ಝಿ ಎಂಬ ಹೆಸರು ಕೊಟ್ಟರು. ಹೆಸರಿನ ವಿವಾದ ಇನ್ನೂ ತಣಿದಿಲ್ಲ. ನಿಮ್ಮ ತೋಟದ್ದು ಅದರ ದಾಯಾದಿ ಎನ್ನಿ.

ಲಿಂಗ್‌ಝಿಗೆ ಈ ಪವಿತ್ರತೆ ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಒಂದನ್ನು ಕೈಯಲ್ಲಿ ಹಿಡಿದು ನೋಡಬೇಕು. ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ನಾನು ಸೇರುವ ಮೊದಲಿನಿಂದಲೂ ಒಂದು ಇದೆ. ಬೆರಳಿನಿಂದ ತಟ್ಟಿದರೆ ಒಣಮರದಂತೆ ಟಕಟಕ ಎನ್ನುತ್ತದೆ. ಮೇಲಿನ ಕಂದು ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಅರಗು ಬಳಿದ ಚನ್ನಪಟ್ಟಣದ ಗೊಂಬೆಯಂತೆ ಕೆಂಪಗೆ ಹೊಳೆಯುತ್ತದೆ. ಸಾಮಾನ್ಯ ಅಣಬೆ ಬೆಳಗ್ಗೆ ಮೂಡಿ ಸಂಜೆಗೆ ಕರಗುತ್ತದೆ. ನಾಯಿಕೊಡೆಯೆಂದರೆ ಕ್ಷಣಿಕ ಎಂಬ ಅರ್ಥವೇ ಜನರ ಮನಸ್ಸಿನಲ್ಲಿದೆ. ಅಂಥ ಜಾತಿಯಲ್ಲಿ ಒಂದು ಮಾತ್ರ ಕೊಳೆಯದೆ, ಹೊಳಪು ಕಳೆದುಕೊಳ್ಳದೆ ವರ್ಷಗಟ್ಟಲೆ ನಿಲ್ಲುವುದಾದರೆ ನೋಡಿದವರಿಗೆ ಏನನ್ನಿಸಬೇಕು? ಸತ್ತ ಮರದಿಂದ ಹುಟ್ಟಿ ಸಾಯದೆ ಉಳಿಯುವ ವಸ್ತು. ಜಪಾನಿನಲ್ಲಿ ಇದನ್ನು ರೇಯಿಶಿ ಎನ್ನುತ್ತಾರೆ, ಇನ್ನೊಂದು ಹೆಸರು ಮನ್ನೆನ್‌ತಾಕೆ, ಅಂದರೆ ಹತ್ತು ಸಾವಿರ ವರ್ಷದ ಅಣಬೆ.

ಇನ್ನೊಂದು ಕಾರಣ ಅದರ ದುರ್ಲಭತೆ. ಈಗ ಶೆಡ್ಡುಗಳಲ್ಲಿ ಮರದ ಹೊಟ್ಟಿನ ಚೀಲದಲ್ಲಿ ಟನ್ನುಗಟ್ಟಲೆ ಬೆಳೆಯುತ್ತಾರೆ, ಆದರೆ ಆ ವಿದ್ಯೆ ಕೈಗೆ ಹತ್ತಿದ್ದು 1970ರ ಆಸುಪಾಸಿನಲ್ಲಿ. ಅದಕ್ಕೆ ಮೊದಲು ಕಾಡಿನಲ್ಲಿ ಸಿಕ್ಕಿದರೆ ಸಿಕ್ಕಿತು.

ಹಳೆಯ ಪುಟ

ಬೀಜಕಣ ಅವರು ಹೇಳಿದ ದುರ್ಲಭತೆಯನ್ನೇ ಹಿಡಿದು ಮುಂದುವರಿಯುತ್ತೇನೆ. ಅಪರೂಪದ್ದು ಕಾಣಿಸಿಕೊಂಡರೆ ಅದಕ್ಕೆ ಕಾರಣ ಬೇಕಲ್ಲವೇ? ರಾಜ ಧರ್ಮದಿಂದ ಆಳಿದರೆ ಪ್ರಕೃತಿ ಶುಭಶಕುನಗಳಿಂದ ಒಪ್ಪಿಗೆ ಸೂಚಿಸುತ್ತದೆ ಎಂಬುದು ಹಾನ್ ಕಾಲದ ರಾಜಕೀಯ ಚಿಂತನೆ. ಝಿ ಅಂಥ ಶಕುನಗಳಲ್ಲಿ ಒಂದು.

ಕ್ರಿಸ್ತಪೂರ್ವ 109ರಲ್ಲಿ ವೂ ಚಕ್ರವರ್ತಿಯ ಗಾನ್‌ಚ್ವಾನ್ ಅರಮನೆಯ ಒಳಕೋಣೆಯಲ್ಲಿ ಝಿ ಹುಟ್ಟಿತು. ಒಂಬತ್ತು ಕಾಂಡಗಳು, ಒಂದಕ್ಕೊಂದು ಕೂಡಿಕೊಂಡ ಎಲೆಗಳು ಎಂದು ಹಾನ್ ವಂಶದ ಇತಿಹಾಸ ದಾಖಲಿಸುತ್ತದೆ. ಚಕ್ರವರ್ತಿ ನಾಡಿನಾದ್ಯಂತ ಕೈದಿಗಳಿಗೆ ಕ್ಷಮಾದಾನ ಘೋಷಿಸಿದ, ಆ ಸೀಮೆಯ ಜನರಿಗೆ ಎತ್ತು, ಮದ್ಯ ಹಂಚಿಸಿದ, ಅದರ ಮೇಲೊಂದು ಹಾಡು ಕಟ್ಟಿಸಿದ. ಒಂದು ಅಣಬೆ ಮೂಡಿದ್ದಕ್ಕೆ ಸೆರೆಮನೆಗಳ ಬಾಗಿಲು ತೆರೆದವು!

ಮುಂದಿನ ಕಥೆ ಅಷ್ಟು ಹಿತವಲ್ಲ. ಸೊಂಗ್ ವಂಶದ ಝೆನ್‌ಝೊಂಗ್ 1008ರಲ್ಲಿ ಸ್ವರ್ಗದಿಂದ ಪತ್ರ ಬಂದಿದೆ ಎಂದು ಸಾರಿ ತಾಯ್ ಪರ್ವತಕ್ಕೆ ಮಹಾಯಾತ್ರೆ ಹೊರಟಾಗ ಮಂತ್ರಿಗಳು ಝಿಗಳನ್ನು ಸಾವಿರ ಸಾವಿರ ಲೆಕ್ಕದಲ್ಲಿ ತಂದು ಒಪ್ಪಿಸಿದರು. ಮಿಂಗ್ ವಂಶದ ಜಿಯಾಜಿಂಗ್ (1521ರಿಂದ 1567ರವರೆಗೆ ಆಳಿದವನು) ಅಮರತ್ವದ ಹುಚ್ಚಿಗೆ ಬಿದ್ದು ದೇಶದ ಮೂಲೆಮೂಲೆಯಿಂದ ಝಿ ತರಿಸಿದ. ಒಬ್ಬಾತ ಅರಮನೆಯ ಒಳಸೇವಕರನ್ನು ಒಲಿಸಿಕೊಂಡು, ಅಲ್ಲಿ ರಾಶಿ ಬಿದ್ದಿದ್ದ ಅಣಬೆಗಳನ್ನೇ ಪಡೆದು, ಬೆಟ್ಟದ ಆಕಾರಕ್ಕೆ ಜೋಡಿಸಿ ಅದೇ ಚಕ್ರವರ್ತಿಗೆ ಮತ್ತೆ ಕಾಣಿಕೆ ಕೊಟ್ಟ. ಬೇಡುವವರಿಗೆ ಸಿಗುವ ಉತ್ತರವಾಗಿದ್ದದ್ದು ಬೇಡಿಕೆಗೆ ತಕ್ಕ ಸರಬರಾಜಾಯಿತು. ಇದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಬೀಜಕಣ

ಹಳೆಯ ಪುಟ ಅವರೇ, ಆ 'ಒಂಬತ್ತು ಕಾಂಡ' ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಗಾಳಿ ಸರಿಯಾಗಿ ಆಡದೆ ಇಂಗಾಲದ ಡೈಆಕ್ಸೈಡ್ ಹೆಚ್ಚಾದ ಕಡೆ, ಬೆಳಕು ಕಡಿಮೆಯಿರುವ ಕಡೆ ಈ ಅಣಬೆ ಕೊಡೆ ಬಿಚ್ಚುವುದಿಲ್ಲ. ಉದ್ದುದ್ದ ಕವಲೊಡೆದು ಜಿಂಕೆಯ ಕೊಂಬಿನಂತೆ ಬೆಳೆಯುತ್ತದೆ. ಬೆಳೆಗಾರರು ಇದನ್ನು ಬೇಕೆಂದೇ ಮಾಡಿಸುತ್ತಾರೆ. ಮುಚ್ಚಿದ ಒಳಕೋಣೆ, ತೇವ ಹಿಡಿದ ತೊಲೆ, ಬೇಸಿಗೆಯ ಸೆಕೆ. ವೂ ಚಕ್ರವರ್ತಿಯ ಅರಮನೆಯಲ್ಲಿ ಮೂಡಿದ್ದು ಈ ಕವಲೊಡೆದ ರೂಪವೇ ಇರಬಹುದು ಎಂದು ನನ್ನ ಊಹೆ. ಊಹೆ ಮಾತ್ರ, ಪುರಾವೆಯಲ್ಲ. ಆದರೆ ಬರೆದವನು ಕಣ್ಣಾರೆ ಕಂಡದ್ದನ್ನೇ ಬರೆದಿದ್ದಾನೆ ಎಂದು ನನಗೆ ತೋರುತ್ತದೆ.

ನೇರ ಮಾತು

ಎಲ್ಲವನ್ನೂ ಓದಿದೆ. ಬೇಸರದಿಂದಲೇ ಬರೆಯುತ್ತಿದ್ದೇನೆ. ಕೊಳೆತ ಮರದ ಮೇಲಿನ ಬೂಷ್ಟನ್ನು ಸ್ವರ್ಗದ ಸಂದೇಶ ಎಂದು ನಂಬಿಸಿ ಎರಡು ಸಾವಿರ ವರ್ಷ ಅಧಿಕಾರಿಗಳು ಬಡ್ತಿ ಪಡೆದರು, ಅಷ್ಟೇ ತಾನೇ? ಅದಕ್ಕೆ 'ಸಂಕೇತ' ಎಂಬ ಗೌರವದ ಹೆಸರು ಏಕೆ? ನಮ್ಮ ಸೋದರತ್ತೆಗೆ ಸಕ್ಕರೆ ಕಾಯಿಲೆ, ಜೊತೆಗೆ ಹೃದಯದ ತೊಂದರೆ. ಒಂದು ಮಾರಾಟ ಜಾಲದವರು ಮನೆಗೇ ಬಂದು 'ಐದು ಸಾವಿರ ವರ್ಷದ ಚೀನೀ ರಹಸ್ಯ' ಎಂದು ಹೇಳಿ ಇದೇ ಅಣಬೆಯ ಪುಡಿ ಮಾರಿದರು. ತಿಂಗಳ ಪಿಂಚಣಿಯಲ್ಲಿ ಅರ್ಧ ಅದಕ್ಕೇ ಹೋಯಿತು. ಅವರು ಮಾತ್ರೆಗಳನ್ನೂ ನಿಲ್ಲಿಸಿ ಆಸ್ಪತ್ರೆ ಸೇರಿದರು. ಈ ಹಳೆಯ ಹೊಗಳಿಕೆಯೇ ಇಂದಿನ ಮೋಸಕ್ಕೆ ಬಂಡವಾಳ.

ಹಳೆಯ ಪುಟ

ನಿಮ್ಮ ಅತ್ತೆಯವರಿಗೆ ಆದದ್ದನ್ನು ಓದಿ ನೋವಾಯಿತು. ಈಗ ಚೇತರಿಸಿಕೊಂಡಿದ್ದಾರೆ ಎಂದುಕೊಳ್ಳುತ್ತೇನೆ.

ನಿಮ್ಮ ಕೋಪದಲ್ಲಿ ನೀವು ಒಂಟಿಯಲ್ಲ. ಚೀನಾದ ಅತಿ ದೊಡ್ಡ ಔಷಧ ವಿದ್ವಾಂಸ ಲಿ ಶಿಝೆನ್ ನಿಮ್ಮ ಪಕ್ಷ. 1518ರಲ್ಲಿ ಹುಟ್ಟಿದ ಅವನು ಜಿಯಾಜಿಂಗ್ ಚಕ್ರವರ್ತಿಯ ಆಳ್ವಿಕೆಯಲ್ಲೇ ಬೆಳೆದವನು, ರಾಜವೈದ್ಯಾಲಯದಲ್ಲಿ ಕೆಲಕಾಲ ಕೆಲಸ ಮಾಡಿದವನು. 1578ರಲ್ಲಿ ಮುಗಿಸಿದ 'ಬೆನ್‌ತ್ಸಾವೊ ಗಾಂಗ್‌ಮು' ಎಂಬ ಮಹಾಗ್ರಂಥದಲ್ಲಿ ಝಿಯನ್ನು ಎಲ್ಲಿಟ್ಟ ಗೊತ್ತೇ? ತರಕಾರಿಗಳ ವಿಭಾಗದಲ್ಲಿ! ಕೊಳೆತದ್ದರ ಉಳಿಕೆಯಿಂದ ಹುಟ್ಟುವ ಇದು ಮನುಷ್ಯನ ಮೈಮೇಲೆ ಏಳುವ ಗಂಟಿನಂತೆ. ಇದನ್ನು ಶುಭದ ಗಿಡ ಎನ್ನುವುದು, ತಿಂದರೆ ಅಮರರಾಗುತ್ತೇವೆ ಎನ್ನುವುದು ಅವಿವೇಕ ಎಂದು ಬರೆದ. ಔಷಧವಾಗಿ ಅದರ ಗುಣಗಳನ್ನು ಬರೆಯುವುದನ್ನು ಮಾತ್ರ ಬಿಡಲಿಲ್ಲ. ಅಣಬೆಯನ್ನು ಆಡಳಿತದ ನಾಟಕದಿಂದ ಬಿಡಿಸಿ ಅಡುಗೆಮನೆಗೆ, ಔಷಧದಂಗಡಿಗೆ ವಾಪಸು ತಂದವನು ಅವನು.

ಆದರೂ ಸಂಕೇತ ಎಂದರೆ ಮೋಸ ಎಂಬುದನ್ನು ನಾನು ಒಪ್ಪಲಾರೆ. ಇದೇ ಅಣಬೆ ಅರಮನೆಗೆ ಬೆನ್ನು ಹಾಕಿದವರ ಗುರುತೂ ಹೌದು. ಹಾನ್ ವಂಶಕ್ಕೆ ಮೊದಲಿದ್ದ ಚಿನ್ ಸಾಮ್ರಾಜ್ಯದ ಕ್ರೌರ್ಯ ಸಹಿಸದೆ ನಾಲ್ವರು ವಿದ್ವಾಂಸರು ಶಾಂಗ್ ಪರ್ವತಕ್ಕೆ ಹೊರಟುಹೋದರು. ಹಸಿವಾದರೆ ನೇರಳೆ ಝಿ ತಿನ್ನುತ್ತಿದ್ದರು. ಅವರದೆಂದು ಹೇಳುವ 'ನೇರಳೆ ಝಿಯ ಹಾಡು' ಹಸಿವು ತಣಿಸಲು ಇದೇ ಸಾಕು ಎನ್ನುತ್ತದೆ. ಅಮರತ್ವದ ಮಾತಿಲ್ಲ ಅಲ್ಲಿ, ಹೊಟ್ಟೆಯ ಮಾತು. ಹಾನ್ ವಂಶದ ಮೊದಲ ಚಕ್ರವರ್ತಿ ಕರೆದರೂ ಅವರು ಬರಲಿಲ್ಲ. ಮುಂದೆ ಅವನು ಪಟ್ಟದ ಮಗನನ್ನು ಬದಲಾಯಿಸಲು ಹೊರಟಾಗ, ಒಂದು ಔತಣದಲ್ಲಿ ಆ ಮಗನ ಹಿಂದೆ ಎಂಬತ್ತು ದಾಟಿದ ನಾಲ್ವರು ಬಿಳಿಗಡ್ಡದವರು ನಿಂತಿದ್ದರು. ಯಾರೆಂದು ತಿಳಿದ ಮೇಲೆ ಚಕ್ರವರ್ತಿ ತನ್ನ ಯೋಚನೆಯನ್ನೇ ಕೈಬಿಟ್ಟ. ಸಂಬಳಕ್ಕೆ ಬಗ್ಗದವರ ಹಾಜರಿಗೆ ಇದ್ದ ತೂಕ ಅದು. ಆಮೇಲಿನ ಶತಮಾನಗಳಲ್ಲಿ ಕೆಲಸ ಬಿಟ್ಟು ಊರಿಗೆ ಮರಳಿದ ಎಷ್ಟೋ ಅಧಿಕಾರಿಗಳು ತಮ್ಮ ಚಿತ್ರಗಳಲ್ಲಿ ಬಂಡೆಯ ಪಕ್ಕ ಝಿ ಬರೆಸಿಕೊಂಡದ್ದು ಈ ನಾಲ್ವರನ್ನು ನೆನೆದು.

ತಂದೆತಾಯಿಯ ಸಮಾಧಿಯ ಬಳಿ ಗುಡಿಸಲು ಹಾಕಿಕೊಂಡು ಶೋಕ ಆಚರಿಸಿದ ಮಕ್ಕಳ ಗುಡಿಸಲ ಪಕ್ಕ ಝಿ ಮೂಡಿತು ಎಂಬ ದಾಖಲೆಗಳು ಅಲ್ಲಿನ ಇತಿಹಾಸಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಅಂಥವರಲ್ಲಿ ಎಷ್ಟೋ ಜನ ಹಳ್ಳಿಯವರು. ಅಲ್ಲಿ ಅಣಬೆಯನ್ನು ಕೊಂಡು ತಂದವರು ಯಾರೂ ಇಲ್ಲ. ಅರಮನೆ ಖರೀದಿಸಿದ್ದರಿಂದ ಅವರಿಗೆ ಅದರ ಅರ್ಥ ಕಡಿಮೆಯಾಗಲಿಲ್ಲ.

ಬೀಜಕಣ

ನೇರ ಮಾತು ಅವರೇ, ಔಷಧದ ಬಗ್ಗೆ ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ಓದುವ ಬೇರೆಯವರಿಗೂ ಉಪಯೋಗವಾಗಲಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇದರ ಬಳಕೆಯ ಕುರಿತ ಪ್ರಯೋಗಗಳನ್ನು ಪರಿಶೀಲಿಸಿದ ಕಾಕ್ರೇನ್ (ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಸಂಸ್ಥೆ) 2016ರಲ್ಲಿ ಕೊಟ್ಟ ವರದಿ, ಇದನ್ನು ಮೊದಲ ಚಿಕಿತ್ಸೆಯಾಗಿ ಬಳಸಲು ಸಾಕಷ್ಟು ಆಧಾರವಿಲ್ಲ ಎಂದಿದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಹೃದಯದ ಅಪಾಯ ತಗ್ಗಿಸುತ್ತದೆಯೇ ಎಂದು 2015ರಲ್ಲಿ ಪರಿಶೀಲಿಸಿದಾಗಲೂ ಆಧಾರ ಸಿಗಲಿಲ್ಲ. ಅದರಲ್ಲಿರುವ ಪಾಲಿಸ್ಯಾಕರೈಡ್, ಟ್ರೈಟರ್ಪೀನ್ ಎಂಬ ರಾಸಾಯನಿಕಗಳ ಮೇಲೆ ಗಂಭೀರ ಸಂಶೋಧನೆ ನಡೆಯುತ್ತಿದೆ, ಅದು ಬೇರೆ ಮಾತು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಇದನ್ನು ಮುಟ್ಟಲೇಬಾರದು. ಯಾರ ಮಾತಿಗೂ ಇರುವ ಮಾತ್ರೆಗಳನ್ನು ನಿಲ್ಲಿಸಬೇಡಿ.

ನೇರ ಮಾತು

ಧನ್ಯವಾದ. ಅತ್ತೆ ಈಗ ಮನೆಯಲ್ಲಿದ್ದಾರೆ, ಓಡಾಡುತ್ತಿದ್ದಾರೆ. ನಾಲ್ವರು ಮುದುಕರ ಕಥೆ ಅವರಿಗೆ ಹೇಳುತ್ತೇನೆ. ಪುಡಿಯ ಡಬ್ಬಿ ಮಾತ್ರ ಮನೆಗೆ ಮತ್ತೆ ಬರದು.

ರಂಗದ ಬೆಳಕು

ಇಷ್ಟು ಹೊತ್ತು ಗಂಡಸರ ಕಥೆಗಳೇ ಆದವು. ಬಿಳಿ ಹಾವಿನ ಕಥೆ ಯಾರೂ ಹೇಳಲಿಲ್ಲವಲ್ಲ!

ಬಾಯ್ ಸುಝೆನ್ ಸಾವಿರ ವರ್ಷ ತಪಸ್ಸು ಮಾಡಿ ಹೆಣ್ಣಿನ ರೂಪ ಪಡೆದ ಬಿಳಿ ಹಾವು. ಶು ಷಿಯಾನ್ ಎಂಬ ಸಾಧಾರಣ ಯುವಕನನ್ನು ಮದುವೆಯಾಗಿ ಹಾಂಗ್‌ಝೌ ಕಡೆ ಸಂಸಾರ ಹೂಡುತ್ತಾಳೆ. ಐದನೆಯ ತಿಂಗಳ ಐದನೆಯ ದಿನದ ಹಬ್ಬದಂದು ಗಂಡನ ಒತ್ತಾಯಕ್ಕೆ ಮನಃಶಿಲೆ ಎಂಬ ಕೆಂಪು ಖನಿಜ ಬೆರೆಸಿದ ಮದ್ಯ ಕುಡಿಯುತ್ತಾಳೆ. ಹಾವುಗಳಿಗೆ ಅದು ವಿಷ. ಹಾಸಿಗೆಯ ಪರದೆ ಸರಿಸಿದ ಗಂಡ ಅವಳ ನಿಜರೂಪ ಕಂಡು ಅಲ್ಲೇ ಪ್ರಾಣ ಬಿಡುತ್ತಾನೆ. ಬಸುರಿ ಹೆಂಗಸು ಕುನ್‌ಲುನ್ ಪರ್ವತಕ್ಕೆ ಹಾರಿ ಹೋಗುತ್ತಾಳೆ, ಲಿಂಗ್‌ಝಿ ಕದಿಯಲು. ಕಾವಲಿಗೆ ಕೊಕ್ಕರೆಯ ಬಾಲಕ, ಜಿಂಕೆಯ ಬಾಲಕ. ನಾನು ನೋಡಿದ ನಾಟಕ ಪ್ರಯೋಗದಲ್ಲಿ ಅವಳು ಅಣಬೆಯನ್ನು ಹಲ್ಲುಗಳ ನಡುವೆ ಕಚ್ಚಿಕೊಂಡು ಎರಡೂ ಕೈಯಲ್ಲಿ ಕತ್ತಿ ಹಿಡಿದು ಹೋರಾಡುತ್ತಾಳೆ. ಬಾಯಿ ತೆರೆದರೆ ಗಂಡ ಹೋದಂತೆ. ಹಾಗಾಗಿ ಆ ಇಡೀ ಕಾಳಗದಲ್ಲಿ ಅವಳಿಗೆ ಒಂದು ಮಾತೂ ಇಲ್ಲ, ಹಾಡೂ ಇಲ್ಲ. ಕಣ್ಣು ಮಾತ್ರ. ಸೋತು ಬಿದ್ದಾಗ ಪರ್ವತದ ಒಡೆಯ ಬಂದು ಅವಳ ಅಳಲು ಕೇಳಿ ಅಣಬೆಯನ್ನು ತಾನೇ ಕೊಟ್ಟು ಕಳಿಸುತ್ತಾನೆ. ಆ ಒಡೆಯ ಯಾರು ಗೊತ್ತೇ? ದ್ವೀಪವಾಸಿಯವರ ಪಟದಲ್ಲಿ ನಗುತ್ತಾ ನಿಂತಿರುವ ಅದೇ ದಕ್ಷಿಣ ಧ್ರುವದ ಮುದುಕ.

ನಮಗೆ ಕೂಡಲೇ ಸಂಜೀವಿನಿ ನೆನಪಾಗುತ್ತದೆ. ಆದರೆ ಹನುಮಂತ ಮೂಲಿಕೆ ಗುರುತು ಸಿಗದೆ ಗುಡ್ಡವನ್ನೇ ಹೊತ್ತು ತಂದ, ಅವನ ಹಿಂದೆ ರಾಮನ ಸೈನ್ಯವೇ ಇತ್ತು. ಇವಳಿಗೆ ಗುರುತು ಚೆನ್ನಾಗಿ ಗೊತ್ತು. ಮುಟ್ಟುವ ಹಕ್ಕು ಇಲ್ಲ. ಚಕ್ರವರ್ತಿಗಳಿಗೆ ರಾಶಿ ಸುರಿದರೂ ದಕ್ಕದ ಅಣಬೆ ಕದಿಯಲು ಬಂದ ಹಾವಿಗೆ ದಕ್ಕಿತು. ನನಗೆ ಲಿಂಗ್‌ಝಿ ಎಂದರೆ ಈ ಪ್ರಸಂಗ.

ಬೆಟ್ಟದ ದಾರಿ

ಒಂದು ಸಣ್ಣ ಸಂಗತಿ ಸೇರಿಸುತ್ತೇನೆ. ನಾಲ್ಕನೆಯ ಶತಮಾನದ ದಾವೊ ಪಂಥದ ವಿದ್ವಾಂಸ ಗೆ ಹೊಂಗ್ ತನ್ನ 'ಬಾವೊಪುಝಿ' ಗ್ರಂಥದಲ್ಲಿ ಝಿ ಹುಡುಕುವ ಕ್ರಮವನ್ನು ವಿವರಿಸುತ್ತಾನೆ. ಮೂರನೆಯ ಅಥವಾ ಒಂಬತ್ತನೆಯ ತಿಂಗಳಲ್ಲೇ ಬೆಟ್ಟ ಹತ್ತಬೇಕು, ತಾಯಿತ ಧರಿಸಬೇಕು, ಬಿಳಿ ನಾಯಿಯನ್ನು ಹಿಡಿದುಕೊಂಡು, ಬಿಳಿ ಕೋಳಿಯನ್ನು ಎತ್ತಿಕೊಂಡು, ಬಿಳಿ ಉಪ್ಪು ಒಯ್ಯಬೇಕು. ಕಂಡಾಗ ಮೂಳೆಯ ಚಾಕುವಿನಿಂದ ಕೊಯ್ದು ನೆರಳಲ್ಲಿ ಒಣಗಿಸಬೇಕು. ಅವನ ಪ್ರಕಾರ ಕಲ್ಲು, ಮರ, ಹುಲ್ಲು, ಮಾಂಸ, ಅಣಬೆ ಎಂದು ಐದು ಬಗೆಯ ಝಿ, ಒಂದೊಂದರಲ್ಲೂ ನೂರಕ್ಕೂ ಹೆಚ್ಚು ಜಾತಿ. ಅಂದರೆ ಹಳೆಯ ಪುಸ್ತಕದಲ್ಲಿ 'ಝಿ' ಎಂದು ಕಂಡಲ್ಲೆಲ್ಲ ನಮ್ಮ ಕೆಂಪು ಅಣಬೆಯನ್ನೇ ಕಲ್ಪಿಸಿಕೊಳ್ಳಬಾರದು. ಒಳ್ಳೆಯ ಸ್ನೇಹಿತರ ಸಹವಾಸವನ್ನು 'ಝಿ, ಲಾನ್ ಇರುವ ಕೋಣೆ' ಎನ್ನುತ್ತಾರೆ (ಲಾನ್ ಎಂದರೆ ಪರಿಮಳದ ಹೂಗಿಡ). ಅಲ್ಲಿ ಹೆಚ್ಚು ಹೊತ್ತಿದ್ದರೆ ಪರಿಮಳ ನಮಗೇ ತಿಳಿಯುವುದಿಲ್ಲ ಎಂಬ ಗಾದೆ. ಆ ಝಿ ಬೇರೊಂದು ಸುಗಂಧದ ಗಿಡವಿರಬಹುದು ಎನ್ನುವವರಿದ್ದಾರೆ. ಪರಿಮಳಕ್ಕೂ ಮರದಂಥ ಈ ಅಣಬೆಗೂ ಹೊಂದುವುದಿಲ್ಲ, ನನಗೂ ಅದೇ ಸರಿ ಎನಿಸುತ್ತದೆ.

ದ್ವೀಪವಾಸಿ

ಇಷ್ಟು ಬರುತ್ತದೆಂದು ಅಂದುಕೊಂಡಿರಲಿಲ್ಲ. ಎಲ್ಲರಿಗೂ ಮನಸಾರೆ ವಂದನೆ. ಹಳೆಯ ಪುಟ ಅವರು ಕೇಳಿದ್ದಕ್ಕಾಗಿ ನಿನ್ನೆ ಸಂಜೆ ಮತ್ತೆ ಹೋಗಿ ನೋಡಿದೆ. ಮುದುಕನ ಕಾಲ ಬಳಿ ತೂತುತೂತಾದ ಎತ್ತರದ ಬಂಡೆ ಇದೆ. ಅದರ ಹಿಂದೆ ಎರಡು ಬಿದಿರು. ಮುಂದೆ ಬಿಳಿ ಹೂಗೊಂಚಲು, ಆರು ಎಸಳು, ನಡುವೆ ಹಳದಿ ಬಟ್ಟಲು. ಬಂಡೆಯ ಬುಡದಲ್ಲಿ ಇನ್ನೂ ಮೂರು ಲಿಂಗ್‌ಝಿ ಇವೆ, ಮೊದಲ ಸಲ ನನಗೆ ಕಂಡಿರಲಿಲ್ಲ. ಅಜ್ಜಿಯ ಗಾಜಿನ ಕಪಾಟಿನಲ್ಲಿ ಬಾಗಿದ ಹಿಡಿಯ ಕಲ್ಲಿನ ವಸ್ತುವೂ ಒಂದಿದೆ, ಅದರ ತಲೆಯೂ ಇದೇ ಆಕಾರ.

ಹಳೆಯ ಪುಟ

ಆ ಬಿಳಿ ಹೂವು ನಾರ್ಸಿಸಸ್, ಚೀನೀಯರ 'ಶುಯ್‌ಷಿಯಾನ್', ನೀರಿನ ಅಮರ. ಈಗ ಜೋರಾಗಿ ಓದಿ. ಲಿಂಗ್‌ಝಿಯಿಂದ 'ಲಿಂಗ್', ಹೂವಿನಿಂದ 'ಷಿಯಾನ್', ಬಿದಿರಿಗೆ 'ಝು', ದೀರ್ಘಾಯುಷ್ಯದ ಬಂಡೆಯಿಂದ 'ಶೌ'. 'ಲಿಂಗ್ ಷಿಯಾನ್ ಝು ಶೌ': ದಿವ್ಯ ಅಮರರು ನಿಮಗೆ ಆಯುಷ್ಯ ಹಾರೈಸುತ್ತಿದ್ದಾರೆ. ಬಿದಿರು ಮತ್ತು ಹಾರೈಕೆ ಎರಡಕ್ಕೂ ಉಚ್ಚಾರ ಬಹುತೇಕ ಒಂದೇ, ಸ್ವರದ ಏರಿಳಿತ ಮಾತ್ರ ಬೇರೆ. ನಿಮ್ಮ ಅಜ್ಜಿಯ ಪಟ ಒಂದು ವಾಕ್ಯ. ಅದನ್ನು ಹೊಲಿದವರು ಅಕ್ಷರಕ್ಕೆ ಬದಲು ಗಿಡ ಬಳಸಿದ್ದಾರೆ.

ಕಪಾಟಿನಲ್ಲಿರುವುದು ರೂಯಿ, 'ಮನಸ್ಸಿನಂತೆ ಆಗಲಿ' ಎಂಬ ಹೆಸರಿನ ದಂಡ. ತಲೆ ಲಿಂಗ್‌ಝಿಯದು, ಮೋಡದ್ದೂ ಹೌದು, ಎರಡು ಆಕಾರಗಳೂ ಕಾಲಾಂತರದಲ್ಲಿ ಒಂದಾದವು. 1793ರಲ್ಲಿ ಬ್ರಿಟಿಷ್ ರಾಯಭಾರಿ ಮೆಕಾರ್ಟ್ನಿಗೆ ಚಿಯಾನ್‌ಲೊಂಗ್ ಚಕ್ರವರ್ತಿ ಇಂಥದೊಂದು ಕೊಟ್ಟ, ಇಂಗ್ಲೆಂಡಿನ ದೊರೆಗೂ ಒಂದು ಕಳಿಸಿದ. ಚೀನೀಯರು ಇದಕ್ಕೆ ಬಹಳ ಬೆಲೆ ಕೊಡುತ್ತಾರೆ, ನನಗೇನೂ ದೊಡ್ಡ ಬೆಲೆಯದಾಗಿ ಕಾಣುವುದಿಲ್ಲ ಎಂದು ಮೆಕಾರ್ಟ್ನಿ ದಿನಚರಿಯಲ್ಲಿ ಬರೆದುಕೊಂಡ. ಅದು ಕಲ್ಲಿನ ತುಂಡಲ್ಲ, ಒಂದು ಮಾತು ಎಂದು ಅವನಿಗೆ ಹೇಳುವವರು ಪಕ್ಕದಲ್ಲಿ ಇರಲಿಲ್ಲ.

ಮಾತಾಗಿದ್ದರಿಂದಲೇ ಅದು ಅಪಾಯವನ್ನೂ ತರಬಲ್ಲದು. 1795ರಲ್ಲಿ ಮುಂದಿನ ಚಕ್ರವರ್ತಿ ಯಾರೆಂದು ಘೋಷಿಸುವ ಹಿಂದಿನ ದಿನ ಮಂತ್ರಿ ಹೆಶೆನ್ ಆ ರಾಜಕುಮಾರನಿಗೆ ಒಂದು ರೂಯಿ ಕಾಣಿಕೆ ಕೊಟ್ಟ. ಗುಟ್ಟು ತನಗೆ ಗೊತ್ತು ಎಂಬುದನ್ನು ಬಾಯಿ ಬಿಡದೆ ತಿಳಿಸಿದ. ನಾಲ್ಕು ವರ್ಷಗಳ ನಂತರ, ಆ ರಾಜಕುಮಾರ ಜಿಯಾಚಿಂಗ್ ಚಕ್ರವರ್ತಿಯಾಗಿ ಅವನ ಮೇಲೆ ಹೊರಿಸಿದ ಇಪ್ಪತ್ತು ಅಪರಾಧಗಳಲ್ಲಿ ಮೊದಲನೆಯದೇ ಆ ರೂಯಿ.

ದ್ವೀಪವಾಸಿ

ಈಗಷ್ಟೇ ಕೆಳಗೆ ಬಂದೆ. ಪಟದ ಮುಂದೆ ನಿಂತು ಒಂದೊಂದನ್ನೂ ಬೆರಳಿನಿಂದ ತೋರಿಸಿ ನನ್ನ ಮುರುಕು ಮ್ಯಾಂಡರಿನ್‌ನಲ್ಲಿ ಓದಿದೆ: ಲಿಂಗ್, ಷಿಯಾನ್, ಝು. ನಾಲ್ಕನೆಯದನ್ನು ಅಜ್ಜಿಯೇ ತಮ್ಮ ಭಾಷೆಯಲ್ಲಿ ಹೇಳಿದರು. ಆಮೇಲೆ ಮೊಮ್ಮಗಳನ್ನು ಕರೆದು ಅವಳಿಗೂ ತೋರಿಸಲು ಹೇಳಿದರು. ಆ ಹುಡುಗಿ ಅದೇ ಮನೆಯಲ್ಲಿ ಬೆಳೆದವಳು, ಅವಳಿಗೂ ಇದು ಗೊತ್ತಿರಲಿಲ್ಲ. ಪಟವನ್ನು ಹೊಲಿದದ್ದು ಅಜ್ಜಿಯ ತಾಯಿಯಂತೆ. ಮೊಮ್ಮಗಳು ನನಗೆ ಅನುವಾದಿಸಿ ಹೇಳಿದಳು.

ಅಡಕೆ ತೋಟದವನು

ಕೆಳಗಿನ ಸಾಲಿನಲ್ಲಿ ಒಂದು ಮರ ಹೋಗಿದೆ. ನಾಳೆ ಬುಡ ಕೀಳಿಸಬೇಕು. ಇದನ್ನೆಲ್ಲ ಓದಿದ ಮೇಲೆ ಬೆಳಗ್ಗೆ ಹೋಗಿ ಹತ್ತು ನಿಮಿಷ ಅದರ ಮುಂದೆ ಕುಳಿತು ನೋಡಿದೆ. ಗೆರೆಗಳನ್ನು ಎಣಿಸಿದೆ, ಏಳು ಇವೆ. ಹೊಳಪು ನಿಜಕ್ಕೂ ಚೆಂದ. ಇಷ್ಟು ವರ್ಷ ಗುದ್ದಲಿ ಹಾಕುವ ಕಣ್ಣಿನಿಂದಲೇ ನೋಡಿದ್ದೆ. ಸುಡುವ ಮುಂಚೆ ಒಂದನ್ನು ಕಿತ್ತು ಮಗಳಿಗೆ ತೋರಿಸಲು ಒಣಗಿಸಿ ಇಟ್ಟುಕೊಳ್ಳಬಹುದೇ?

ಬೀಜಕಣ

ಇಟ್ಟುಕೊಳ್ಳಿ, ಆದರೆ ತೋಟದಲ್ಲಿ ಒಣಗಿಸಬೇಡಿ. ಅಡಿಭಾಗದಿಂದ ಕೋಕೋ ಪುಡಿಯಂಥ ಬೀಜಕಣ ಉದುರುತ್ತದೆ, ಗಾಳಿಗೆ ಹಾರುತ್ತದೆ. ಕಿತ್ತ ಜಾಗದಲ್ಲೇ ಕಾಗದದ ಚೀಲಕ್ಕೆ ಹಾಕಿ ಬಾಯಿ ಮಡಚಿ ಮನೆಗೆ ತನ್ನಿ, ಅಡಿಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಲೆಯ ಪಕ್ಕದ ಬಿಸಿಯಲ್ಲಿ ಚೆನ್ನಾಗಿ ಒಣಗಿಸಿ, ಬಟ್ಟೆಯನ್ನು ಸುಟ್ಟುಬಿಡಿ. ಗುದ್ದಲಿಯನ್ನು ಬೇರೆ ಮರಗಳ ಬುಡಕ್ಕೆ ಒಯ್ಯುವ ಮೊದಲು ತೊಳೆಯಿರಿ. ಕಾಲುವೆ ತೋಡುವುದನ್ನು ಮಾತ್ರ ನಾಡಿದ್ದಿಗೆ ಮುಂದೂಡಬೇಡಿ.